ಕಾಡಿನ ಮರೆಯಲ್ಲೊಂದು ಟ್ರಾಮು ಸೇತುವೆ

ವಾಷಿಂಗ್ಟನ್ ನಗರಕ್ಕೆ ಹೋದವರು ಶ್ವೇತಭವನವನ್ನೂ ಲಿಂಕನ್ ಸ್ಮಾರಕವನ್ನೂ ಕಂಡು ಹಿಂದಿರುಗುವುದು ವಾಡಿಕೆ. ನಾನೂ ಅವನ್ನು ಕಂಡೆ. ಅವುಗಳ ವರ್ಣನೆಯನ್ನು ವಾಚಕರು ಬೇಕಾದಷ್ಟು ಓದಿರುವುದರಿಂದ ಇಲ್ಲಿ ಮತ್ತೆ ಹೇಳುವುದಿಲ್ಲ. ನಾನು ಹೇಳಹೊರಟಿರುವುದು ಆ ನಗರದ ಪಶ್ಚಿಮದ ಅಂಚಿನಲ್ಲಿ, ಜಾರ್ಜ್‌ಟೌನ್ ಎಂಬ ಹಳೆಯ ಬಡಾವಣೆಯ ಆಚೆ, ಯಾರಿಗೂ ಬೇಡವಾಗಿ ತುಕ್ಕು ಹಿಡಿದು ನಿಂತಿದ್ದ ಒಂದು ಉಕ್ಕಿನ ಸೇತುವೆಯ ಸಂಗತಿ.

ಬೇಸಗೆಯ ಕೊನೆಯ ಒಂದು ಭಾನುವಾರ ಅದನ್ನು ನೋಡಲು ಹೊರಟೆ. ಗ್ಲೋವರ್ ಆರ್ಚ್‌ಬೋಲ್ಡ್ ಉದ್ಯಾನವೆಂಬುದು ಹೆಸರಿಗೆ ಉದ್ಯಾನ. ನಿಜದಲ್ಲಿ ಅದು ಓಕ್, ಬೀಚ್ ಮರಗಳು ಒತ್ತಾಗಿ ಬೆಳೆದ ಒಂದು ಕಣಿವೆ. ಅದರ ತಳದಲ್ಲಿ ಫೌಂಡ್ರಿ ಬ್ರಾಂಚ್ ಎಂಬ ಹಳ್ಳ ಪೊಟೊಮ್ಯಾಕ್ ನದಿಯತ್ತ ಹರಿಯುತ್ತದೆ. ಹಳ್ಳದ ಜಾಡು ಹಿಡಿದು ನಡೆದರೆ, ಕಣಿವೆ ಮುಗಿಯುವಷ್ಟರಲ್ಲಿ, ಮರಗಳ ತಲೆಗಳ ನಡುವೆ ಸೇತುವೆ ಕಾಣಿಸಿಕೊಳ್ಳುತ್ತಿತ್ತು. ತೆಳ್ಳನೆಯ ಉಕ್ಕಿನ ಕಾಲುಗಳು, ಅವನ್ನು ಬಿಗಿದ ಓರೆ ಕಂಬಿಗಳು, ಮೇಲೆ ಕೊಳೆತ ಮರದ ದಿಮ್ಮಿಗಳು. ತುಕ್ಕು ಎಂದರೆ ನಮ್ಮ ಮನೆಯ ಗೇಟಿನ ತುಕ್ಕಲ್ಲ. ಪದರ ಪದರವಾಗಿ, ಮರದ ತೊಗಟೆಯಂತೆ ಎದ್ದುಬರುವ ತುಕ್ಕು. ಬಳ್ಳಿಗಳು ಕಾಲುಗಳನ್ನು ತಬ್ಬಿ ಅರ್ಧಕ್ಕೇರಿದ್ದವು. ತುಂಡುಗಳು ತಲೆಯ ಮೇಲೆ ಬಿದ್ದಾವೆಂಬ ಭಯದಿಂದ ಕೆಳಗಿನ ಕಾಲುದಾರಿಗೆ ಬೇಲಿ ಹಾಕಿದ್ದರು. ಸಮೀಪದ ಹೆದ್ದಾರಿಯಲ್ಲಿ ಮೋಟಾರುಗಳು ಓಡುವ ಸದ್ದು ಎಡೆಬಿಡದೆ ಕೇಳಿಸುತ್ತಿತ್ತು. ಸೇತುವೆಯ ಮೇಲೆ ಮಾತ್ರ ಒಂದು ಅಳಿಲು ಓಡಾಡುತ್ತಿತ್ತು.

ಇದನ್ನು 1896ರಲ್ಲಿ ಕಟ್ಟಿದವರು ವಾಷಿಂಗ್ಟನ್ ಮತ್ತು ಗ್ರೇಟ್ ಫಾಲ್ಸ್ ವಿದ್ಯುತ್ ರೈಲ್ವೆ ಕಂಪನಿಯವರು. ಜಾರ್ಜ್‌ಟೌನಿನಿಂದ ನದಿಯ ದಡದ ಎತ್ತರದ ಮೇಲೆ ಸಾಗಿ, ಪಕ್ಕದ ಮೇರಿಲ್ಯಾಂಡ್ ರಾಜ್ಯದ ಗ್ಲೆನ್ ಎಕೋ, ಕ್ಯಾಬಿನ್ ಜಾನ್‌ಗಳನ್ನು ಮುಟ್ಟುವ ಟ್ರಾಮು ಈ ಕಣಿವೆಯನ್ನು ದಾಟಬೇಕಾಗಿತ್ತು. ಆ ನಗರದ ಟ್ರಾಮುಗಳಲ್ಲಿ ಒಂದು ವಿಶೇಷವಿತ್ತು. ರಾಜಧಾನಿಯ ಅಂದ ಕೆಡಬಾರದೆಂದು ನಗರದ ನಡುವೆ ತಲೆಯ ಮೇಲೆ ತಂತಿ ಎಳೆಯಲು ಅಪ್ಪಣೆಯಿರಲಿಲ್ಲ. ಹಳಿಗಳ ನಡುವಣ ಸೀಳಿನೊಳಗೆ, ನೆಲದಡಿಯಲ್ಲಿ, ವಿದ್ಯುತ್ತನ್ನು ಹರಿಸುತ್ತಿದ್ದರು. ಬಂಡಿಯ ಅಡಿಯಿಂದ ಇಳಿದು ಅದನ್ನು ಮುಟ್ಟುವ ಸಾಧನಕ್ಕೆ ಅಲ್ಲಿಯವರು ಇಟ್ಟ ಹೆಸರು ನೇಗಿಲು! ನಗರದ ಅಂಚಿಗೆ ಬಂದಾಗ ಹಳಿಯಡಿಯ ಗುಂಡಿಯಲ್ಲಿ ಕುಳಿತ ಆಳು ನೇಗಿಲನ್ನು ಕಳಚುವನು; ಬಂಡಿಯ ನೆತ್ತಿಯ ಕೋಲು ಮೇಲಿನ ತಂತಿಯನ್ನು ಹಿಡಿಯುವುದು; ಟ್ರಾಮು ಕಾಡಿನತ್ತ ಸಾಗುವುದು.

ಕಾಡಿನತ್ತ ಅಷ್ಟು ಜನ ಹೋಗುತ್ತಿದ್ದುದಾದರೂ ಏಕೆ? ಆ ಕಾಲದ ಅಮೆರಿಕದ ಟ್ರಾಮು ಕಂಪನಿಗಳಿಗೆ ವಾರದ ದಿನಗಳಲ್ಲಿ ಆಫೀಸಿಗೆ ಹೋಗುವವರಿದ್ದರು. ಭಾನುವಾರ ಬಂಡಿಗಳು ಖಾಲಿ. ಅದಕ್ಕೆ ಅವರು ಕಂಡುಕೊಂಡ ಉಪಾಯವೆಂದರೆ ಹಳಿಯ ಕೊನೆಯಲ್ಲೊಂದು ವಿನೋದ ವನ. ಗ್ಲೆನ್ ಎಕೋದಲ್ಲಿ 1891ರಲ್ಲಿ ಉಪನ್ಯಾಸ, ಸಂಗೀತಗಳಿಗಾಗಿ ಸ್ಥಾಪನೆಯಾದ ವಿದ್ಯಾಕೇಂದ್ರವೊಂದು ಬೇಗನೆ ಸೊರಗಿತು. ಅದೇ ಜಾಗ ಆಟದ ತಾಣವಾಯಿತು. 1911ರಲ್ಲಿ ಟ್ರಾಮು ಕಂಪನಿಯೇ ಅದನ್ನು ಕೊಂಡಿತು. ಉಪನ್ಯಾಸಕ್ಕೆ ಬಾರದ ಜನ ತಿರುಗುಣಿ ಕುದುರೆಗೆ ಬಂದರೆಂದರೆ ಯಾರನ್ನು ದೂರೋಣ? 1921ರಲ್ಲಿ ಫಿಲಡೆಲ್ಫಿಯದ ಡೆಂಟ್ಜೆಲ್ ಕಂಪನಿ ಅಲ್ಲಿಗೊಂದು ತಿರುಗುಣಿಯನ್ನು ಮಾಡಿಕೊಟ್ಟಿತು. ಮರದಲ್ಲಿ ಕೆತ್ತಿದ 40 ಕುದುರೆಗಳು, ಜೊತೆಗೆ ಮೊಲಗಳು, ಉಷ್ಟ್ರಪಕ್ಷಿಗಳು, ಒಂದು ಸಿಂಹ, ಒಂದು ಹುಲಿ, ಒಂದು ಜಿರಾಫೆ, ಒಂದು ಜಿಂಕೆ. ಮಕ್ಕಳಿಗೆ ಇನ್ನೇನು ಬೇಕು!

ಆದರೆ ಎಲ್ಲ ಮಕ್ಕಳಿಗೂ ಅಲ್ಲ. ವಾಷಿಂಗ್ಟನ್ನಿನ ಟ್ರಾಮುಗಳಲ್ಲಿ ಕಪ್ಪುವರ್ಣದವರನ್ನು ತಡೆಯಬಾರದೆಂದು ಕಾಂಗ್ರೆಸ್ಸು 1865ರಷ್ಟು ಹಿಂದೆಯೇ ಶಾಸನ ಮಾಡಿತ್ತು. ಹೀಗಾಗಿ ಈ ಸೇತುವೆಯನ್ನು ದಾಟುವ ಬಂಡಿಯಲ್ಲಿ ಅವರು ಕುಳಿತುಕೊಳ್ಳಬಹುದಾಗಿತ್ತು. ವನದ ಬಾಗಿಲನ್ನು ಮಾತ್ರ ದಾಟುವಂತಿರಲಿಲ್ಲ. ದೇವಸ್ಥಾನದ ಹೊಸ್ತಿಲಲ್ಲಿ ನಮ್ಮವರನ್ನೇ ನಿಲ್ಲಿಸಿದ ನಾಡಿನಿಂದ ಹೋದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

1960ರ ಜೂನ್ 30ರಂದು ಹಾವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ನೇತೃತ್ವದ ಗುಂಪೊಂದು ಆ ಬಾಗಿಲನ್ನು ದಾಟಿತು. ಕೆಲವರು ತಿರುಗುಣಿಯನ್ನೇರಿ ಕುಳಿತರು. ಟಿಕೆಟ್ಟು ಅವರ ಕೈಯಲ್ಲಿತ್ತು. ತಿರುಗುಣಿ ಮಾತ್ರ ತಿರುಗಲಿಲ್ಲ. ಐವರನ್ನು ಬಂಧಿಸಿದರು. ಅವರಲ್ಲಿ ಒಬ್ಬಳಾದ ಗ್ವೆಂಡೊಲಿನ್ ಗ್ರೀನ್ ಎಂಬ ಯುವತಿ ಮುಂದೆ ಅದೇ ಮೇರಿಲ್ಯಾಂಡಿನ ಸೆನೆಟ್ ಸದಸ್ಯೆಯಾದಳು. ಆ ಬೇಸಗೆಯುದ್ದಕ್ಕೂ ಬಾಗಿಲಿನ ಮುಂದೆ ಪಿಕೆಟಿಂಗ್ ನಡೆಯಿತು. ನೆರೆಯ ಬ್ಯಾನಕ್‌ಬರ್ನ್ ಬಡಾವಣೆಯ ಬಿಳಿಯ ಕುಟುಂಬಗಳೂ ಬಂದು ಸಾಲಿನಲ್ಲಿ ನಿಂತವು. 1961ರ ವಸಂತದಲ್ಲಿ ವನ ಎಲ್ಲರಿಗೂ ತೆರೆಯಿತು. ಬಂಧಿಸಿದ ಕಾವಲುಗಾರನಿಗೆ ಸರಕಾರದ ಅಧಿಕಾರವೂ ಇದ್ದುದರಿಂದ, ಖಾಸಗಿ ಜಾಗವೆಂಬ ನೆಪ ನಿಲ್ಲದೆಂದು ಸುಪ್ರೀಂ ಕೋರ್ಟು 1964ರಲ್ಲಿ ಐವರ ಶಿಕ್ಷೆಯನ್ನೂ ರದ್ದುಗೊಳಿಸಿತು.

ಇಷ್ಟು ತಿಳಿದ ಮೇಲೆ ತಾರೀಖುಗಳನ್ನು ಜೋಡಿಸಿ ನೋಡಿದೆ. ಕ್ಯಾಬಿನ್ ಜಾನ್ ಟ್ರಾಮಿನ ಕೊನೆಯ ಬಂಡಿ ಓಡಿದ್ದು 1960ರ ಜನವರಿ 3ರಂದು. ಅಂದರೆ ಆ ವಿದ್ಯಾರ್ಥಿಗಳು ಬಾಗಿಲಿಗೆ ಬರುವುದಕ್ಕೆ ಆರು ತಿಂಗಳಿಗೂ ಕೊಂಚ ಕಡಿಮೆ ಮೊದಲು. ಬಸ್ಸುಗಳ ಕಾಲ ಬಂದಿತ್ತು. 1962ರ ಜನವರಿಯಲ್ಲಿ ನಗರದ ಟ್ರಾಮುಗಳೆಲ್ಲ ನಿಂತವು. 64 ವರ್ಷ ಈ ಉಕ್ಕಿನ ಕಾಲುಗಳು ಬಂಡಿ ಬಂಡಿಯಾಗಿ ಮಕ್ಕಳನ್ನು ಹೊತ್ತು ದಾಟಿಸಿದವು. ತಿರುಗುಣಿ ಎಲ್ಲರದೂ ಆದ ದಿನ ಅವುಗಳ ಮೇಲೆ ಹೋಗಲು ಬಂಡಿಯೇ ಇರಲಿಲ್ಲ.

ಸೇತುವೆಯನ್ನು ಕೆಡವಬೇಕೆಂದು ಅದರ ಒಡೆತನ ಹೊತ್ತವರೂ, ದುರಸ್ತಿ ಮಾಡಿ ಕಾಲುದಾರಿಯಾಗಿಸಬೇಕೆಂದು ನಾಗರಿಕರೂ ಬಹುಕಾಲ ವಾದಿಸಿದ್ದರು. ದುರಸ್ತಿಯ ಖರ್ಚು ಸಾಮಾನ್ಯವಲ್ಲವೆಂಬುದು ಬೇಲಿಯ ಹೊರಗೆ ನಿಂತರೂ ತಿಳಿಯುತ್ತಿತ್ತು. ಆದರೂ ನನ್ನನ್ನು ಕೇಳಿದರೆ, ನಾಲ್ಕು ಕಾಲುಗಳನ್ನಾದರೂ ಉಳಿಸಿ, ಈ ತಾರೀಖುಗಳ ಒಂದು ಫಲಕ ಹಾಕಿಯೆಂದೇ ಹೇಳುತ್ತಿದ್ದೆ.

ಅದೇ ಮಧ್ಯಾಹ್ನ ಕಾರಿನಲ್ಲಿ ಗ್ಲೆನ್ ಎಕೋಗೆ ಹೋದೆ. ವಿನೋದ ವನ 1968ರಲ್ಲೇ ಮುಚ್ಚಿತು. ಪರರ ಪಾಲಾಗುತ್ತಿದ್ದ ತಿರುಗುಣಿಯನ್ನು ನೆರೆಯ ಜನ ಚಂದಾ ಎತ್ತಿ ಉಳಿಸಿಕೊಂಡರು. ಬಣ್ಣ ಬಳಿಸಿಕೊಂಡು ಅದು ತಿರುಗುತ್ತಿತ್ತು, ಹಳೆಯ ವಾದ್ಯಯಂತ ಮೊಳಗುತ್ತಿತ್ತು. ಕಪ್ಪುವರ್ಣದ ಪುಟ್ಟ ಹುಡುಗಿಯೊಬ್ಬಳು 40 ಕುದುರೆಗಳಲ್ಲಿ ಒಂದನ್ನೂ ಒಲ್ಲದೆ ಉಷ್ಟ್ರಪಕ್ಷಿಯೇ ಬೇಕೆಂದು ಹಟ ಹಿಡಿದಿದ್ದಳು. ಅದರ ಮೇಲೆ ಮೊದಲೇ ಒಬ್ಬ ಹುಡುಗ ಕುಳಿತಿದ್ದ. ಅವಳ ಅಜ್ಜ ಕೈಯಲ್ಲಿ ಟಿಕೆಟ್ಟು ಹಿಡಿದು, ಮುಂದಿನ ಸುತ್ತಿಗಾಗಿ ಕಾಯುತ್ತ ನಿಂತಿದ್ದರು.