ಮೆಟ್ಟಿಲು ನೋಡ್ಲಾಕ ಹೋಗಿದ್ದೆ

ಕಳೆದ ವರ್ಷ ಕಂಪನಿ ಕೆಲಸದ ಮೇಲೆ ಏಳು ತಿಂಗಳು ಟೋಕಿಯೊದಲ್ಲಿದ್ದೆ. ಪ್ರತಿ ಐತವಾರ ಸಂಜೆ ಇಂಡಿಯಿಂದ ಅವ್ವನ ವಿಡಿಯೊ ಕಾಲ್ ಬರುತ್ತಿತ್ತು. ಮೊದಲ ಪ್ರಶ್ನೆ ಊಟದ್ದು. ಎರಡನೆಯದು, "ಇವತ್ತ ಎಲ್ಲೆಲ್ಲಿ ತಿರಗ್ಯಾಡಿ ಬಂದಿ?"

"ಮೆಟ್ಟಿಲ ನೋಡ್ಲಾಕ ಹೋಗಿದ್ದೆ ಅವ್ವಾ."

"ಯಾ ಗುಡಿ ಮೆಟ್ಟಿಲೋ?"

"ಗುಡಿದ್ದ. ಖರೆ ಗುಡಿಯೊಳಗ ಹೋಗ್ಲಿಲ್ಲ. ಬರೇ ಮೆಟ್ಟಿಲ ನೋಡಿ ಬಂದೆ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಫೋನನ್ನು ಅಪ್ಪನ ಕಡೆ ತಿರುಗಿಸಿ, "ನೋಡ್ರಿ, ಅಷ್ಟು ದೂರ ಹೋಗಿ ನಿಮ್ಮ ಮಗ ಮೆಟ್ಟಿಲ ನೋಡಿ ಬಂದಾನಂತ" ಅಂದಳು. ಅಪ್ಪ ಲಿಂಬೆಕಾಯಿ ಚೀಲದ ಲೆಕ್ಕ ಬರೆಯುತ್ತಿದ್ದವರು ತಲೆ ಎತ್ತಲಿಲ್ಲ.

ಆ ಮೆಟ್ಟಿಲು ಯೊತ್ಸುಯಾ ಎಂಬ ಬಡಾವಣೆಯ ಸುಗಾ ದೇವಸ್ಥಾನದ್ದು. ಮಕೊತೊ ಶಿಂಕಾಯ್ ನಿರ್ದೇಶನದ, 2016ರಲ್ಲಿ ಬಂದ 'ಯುವರ್ ನೇಮ್' ಅನಿಮೇಷನ್ ಚಿತ್ರದ ಕೊನೆಯಲ್ಲಿ ಹುಡುಗ ಹುಡುಗಿ ಎದುರುಬದುರಾಗುವುದು ಇಲ್ಲೇ. ನೋಡಿದರೆ ಏನೂ ಇಲ್ಲ. ಮನೆಗಳ ಸಂದಿಯಲ್ಲಿ ಇಳಿಯುವ ಮೆಟ್ಟಿಲು, ನಡುವೆ ಕೆಂಪು ಕಂಬಿ, ಮೇಲೆ ಕರೆಂಟಿನ ತಂತಿ, ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆ. ಆದರೂ ನಾನು ಹೋದಾಗ ಎಂಟು ಹತ್ತು ಜನ ಸರತಿಯಲ್ಲಿ ನಿಂತಿದ್ದರು. ಎಲ್ಲರದೂ ಒಂದೇ ಕೆಲಸ. ಚಿತ್ರದ ಆ ದೃಶ್ಯವನ್ನು ಒಂದು ಫೋನಿನಲ್ಲಿ ತೆರೆದು ಮೆಟ್ಟಿಲಿನ ಎದುರಿಗೆ ಹಿಡಿಯುವುದು, ಕಂಬಿ ಕಂಬಿಗೆ, ತಂತಿ ತಂತಿಗೆ ಕೂಡುವ ತನಕ ಹಿಂದೆ ಮುಂದೆ ಸರಿಯುವುದು, ಕೂಡಿದ ಕೂಡಲೇ ಇನ್ನೊಂದು ಫೋನಿನಿಂದ ಫೋಟೊ ಹೊಡೆಯುವುದು. ನಡುವೆ ಕಾಯಿಪಲ್ಲೆ ಚೀಲ ಹಿಡಿದ ಅಜ್ಜ ಒಬ್ಬರು ಮೆಟ್ಟಿಲು ಹತ್ತಿ ಬಂದರು. ಎಲ್ಲರೂ ಫೋನು ಇಳಿಸಿ, ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟರು. ಅಜ್ಜ ನಮ್ಮ ಕಡೆ ನೋಡಲೂ ಇಲ್ಲ.

ಜಪಾನಿನಲ್ಲಿ ಇದಕ್ಕೆ 'ಸೇಯ್ಚಿ ಜುನ್ರೆಯ್' ಅನ್ನುತ್ತಾರೆ. ಪವಿತ್ರ ಸ್ಥಳದ ಯಾತ್ರೆ ಅಂತ ಅರ್ಥ. ತಮಾಷೆಗೆ ಹುಟ್ಟಿದ ಮಾತಲ್ಲ. ಶಿಕೊಕು ದ್ವೀಪದಲ್ಲಿ 88 ಬೌದ್ಧ ದೇವಾಲಯಗಳನ್ನು ಸುತ್ತುವ ಹಳೆಯ ಯಾತ್ರೆಯಿದೆ. ಅದೇ ಲೆಕ್ಕ ಹಿಡಿದು ಅನಿಮೆ ಪ್ರವಾಸದ ಸಂಘವೊಂದು ಕೂಡ 88 ಜಾಗಗಳ ಪಟ್ಟಿ ಮಾಡಿದೆ. ನಮ್ಮ ಕಡೆ ಯುಗಾದಿ ಮುಂದೆ ಶ್ರೀಶೈಲಕ್ಕೆ ನಡಕೊಂಡು ಹೋಗುವವರನ್ನು ನೋಡಿ ಬೆಳೆದವನಿಗೆ ಮೊದಮೊದಲು ಇದು ಸ್ವಲ್ಪ ಅತಿ ಅನ್ನಿಸಿತು. ಕಾಲು ಬೊಬ್ಬೆ ಬರುವ ತನಕ ನಡೆಯುವವರೆಲ್ಲಿ, ಮೆಟ್ರೋದಲ್ಲಿ ಬಂದು ಫೋಟೊ ಹೊಡೆದು ಹೋಗುವ ನಾವೆಲ್ಲಿ? ಆದರೆ ನಾವೂ ಕಡಿಮೆಯೇನಲ್ಲ. ಚಿತ್ರದುರ್ಗದ ಕೋಟೆಗೆ ಹೋದವರು ಇವತ್ತಿಗೂ 'ನಾಗರಹಾವು' ಶೂಟಿಂಗ್ ಆದ ಬಂಡೆ ಯಾವುದು ಅಂತ ಕೇಳುತ್ತಾರೆ. ಬೆಂಗಳೂರಿನಲ್ಲಿದ್ದಾಗ ಗೆಳೆಯರ ಜೊತೆ ಆಗುಂಬೆಗೂ ಹೋಗಿದ್ದೆ, ಶಂಕರನಾಗ್ ಅವರ 'ಮಾಲ್ಗುಡಿ ಡೇಸ್' ಚಿತ್ರೀಕರಣವಾದ ದೊಡ್ಡಮನೆ ನೋಡಲು. ಅರಸಾಳು ರೈಲ್ವೆ ಸ್ಟೇಷನ್ನಿನಲ್ಲಂತೂ ಈಗ ಮಾಲ್ಗುಡಿ ಹೆಸರಿನ ಮ್ಯೂಸಿಯಂ ಇದೆ. ಆರ್. ಕೆ. ನಾರಾಯಣ್ ಮನಸ್ಸಿನಲ್ಲೇ ಕಟ್ಟಿದ, ಎಲ್ಲೂ ಇಲ್ಲದ ಊರಿಗೆ ಒಂದು ಸ್ಟೇಷನ್!

ಈ ಹುಚ್ಚು ನನಗೆ ಹತ್ತಿದ್ದು ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ. ರೂಮ್‌ಮೇಟ್ ಸಿಂದಗಿಯವನು, ಅವನ ಹಾರ್ಡ್ ಡಿಸ್ಕ್ ತುಂಬ ಜಪಾನಿ ಸಿನಿಮಾ. ಇಂಟರ್ನಲ್ಸ್ ಹಿಂದಿನ ರಾತ್ರಿಯೂ ನೋಡಿದ್ದೇವೆ. 2019ರಲ್ಲಿ ಶಿಂಕಾಯ್ ಅವರ 'ವೆದರಿಂಗ್ ವಿತ್ ಯು' ಭಾರತದ ಥೇಟರುಗಳಿಗೆ ಬಂತು. ಅಭಿಮಾನಿಗಳು ಆನ್‌ಲೈನ್‌ನಲ್ಲಿ ಸಾವಿರಗಟ್ಟಲೆ ಸಹಿ ಹಾಕಿ ಬೇಡಿಕೆ ಇಟ್ಟಿದ್ದಕ್ಕೆ ಬಂದದ್ದು ಅದು. ಆ ಸಹಿಗಳಲ್ಲಿ ನಮ್ಮವೂ ಎರಡಿದ್ದವು. ಆ ಚಿತ್ರದಲ್ಲಿ ಮಾಳಿಗೆಯ ಮೇಲೆ ಪುಟ್ಟ ಗುಡಿ ಇರುವ ಹಳೆ ಕಟ್ಟಡ ಬರುತ್ತದಲ್ಲ, ಅದಕ್ಕೆ ಮಾದರಿಯಾದದ್ದು ಯೊಯೊಗಿ ಸ್ಟೇಷನ್ ಹತ್ತಿರದ ಒಂದು ಕಟ್ಟಡ. ಚಿತ್ರ ಬಿಡುಗಡೆಯಾದ ವರ್ಷವೇ ಅದನ್ನು ಕೆಡವಲು ಶುರು ಮಾಡಿದರು. ಗೊತ್ತಿದ್ದೂ ನಾನು ಹೋದೆ. ಇಲ್ಲದ ಕಟ್ಟಡದ ಜಾಗ ನೋಡಿ, ಅಲ್ಲೇ ಒಂದು ಕಾಫಿ ಕುಡಿದು ಬಂದೆ. ಇದನ್ನು ಅವ್ವನಿಗೆ ಹೇಳಲಿಲ್ಲ.

ಶಿಂಜುಕು ಗ್ಯೋಯೆನ್ ಉದ್ಯಾನಕ್ಕೆ ಮಳೆಗಾಲದಲ್ಲಿ ಎರಡು ಸಲ ಹೋದೆ. 2013ರ 'ದಿ ಗಾರ್ಡನ್ ಆಫ್ ವರ್ಡ್ಸ್' ಚಿತ್ರದ ಮಂಟಪ ಅಲ್ಲಿದೆ. ಮಳೆಯ ದಿನವೇ ಹೋಗಬೇಕು, ಬಿಸಿಲಿನಲ್ಲಿ ಅದು ಬರೀ ಪಾರ್ಕು.

ನನಗೆ ಹೆಚ್ಚು ಹಿಡಿಸಿದ್ದು ಬೇರೆ ಜಾಗ. ಶಿಂಜುಕುವಿನಿಂದ ಕೆಯೊ ಲೈನ್ ಹಿಡಿದರೆ ಅರ್ಧ ತಾಸಿನಲ್ಲಿ ಸೆಯ್ಸೆಕಿ-ಸಕುರಗಾವೊಕ ಎಂಬ ಸ್ಟೇಷನ್ ಬರುತ್ತದೆ. ಹೆಸರು ಬಾಯಿಗೆ ಹತ್ತಲು ನನಗೆ ಒಂದು ವಾರ ಬೇಕಾಯಿತು. 1995ರಲ್ಲಿ ಯೊಶಿಫುಮಿ ಕೊಂಡೊ ಜಿಬ್ಲಿ ಸ್ಟುಡಿಯೊಗಾಗಿ ಮಾಡಿದ 'ವಿಸ್ಪರ್ ಆಫ್ ದಿ ಹಾರ್ಟ್' ಚಿತ್ರದ ಊರು ಇದೇ. ಇಲ್ಲಿ ರೈಲು ಬರುವ ಮುನ್ನ ಪ್ಲಾಟ್‌ಫಾರ್ಮಿನಲ್ಲಿ ಆ ಚಿತ್ರದ 'ಕಂಟ್ರಿ ರೋಡ್' ಹಾಡಿನ ರಾಗ ನುಡಿಸುತ್ತಾರೆ. ಅದನ್ನು ಪೂರ್ತಿ ಕೇಳಬೇಕೆಂದು ಬಂದ ರೈಲು ಬಿಟ್ಟು ನಿಂತೆ, ಆಮೇಲೆ ಇನ್ನೊಂದನ್ನೂ ಬಿಟ್ಟೆ. ಚಿತ್ರದ ಹುಡುಗಿ ರೈಲಿನಲ್ಲಿ ಸಿಕ್ಕ ಬೆಕ್ಕಿನ ಬೆನ್ನು ಹತ್ತಿ ಒಂದು ಏರು ಹತ್ತುತ್ತಾಳೆ. ಆ ಏರಿನ ಹೆಸರು ಇರೊಹಾಜಾಕ. ಹಾವಿನ ಹಾಗೆ ಡೊಂಕಾದ ರಸ್ತೆ, ಅದನ್ನು ಅಡ್ಡ ಕತ್ತರಿಸಿ ಹೋಗುವ ಮೆಟ್ಟಿಲುಗಳು. ಮೇಲೆ ಸಣ್ಣ ಸರ್ಕಲ್ಲು. ಚಿತ್ರದಲ್ಲಿ ಅಲ್ಲೊಂದು ಹಳೆ ಸಾಮಾನಿನ ಅಂಗಡಿಯಿದೆ, ನಿಜದಲ್ಲಿ ಇಲ್ಲ. ಆದರೂ ಬಂದವರೆಲ್ಲ ಅದು ಇರಬೇಕಾದ ಮೂಲೆಯನ್ನು ಒಂದು ಸಲ ನೋಡುತ್ತಾರೆ. ನಾನೂ ನೋಡಿದೆ.

ಅಲ್ಲಿಂದ ಕಾಣುವ ಟಾಮಾ ಗುಡ್ಡಗಳಿಗೆ ಇನ್ನೊಂದು ಚಿತ್ರವಿದೆ. ಇಸಾವೊ ತಕಾಹತಾ ಅವರ 'ಪೊಂ ಪೊಕೊ', 1994ರದ್ದು. ಟೋಕಿಯೊದ ಜನಸಂಖ್ಯೆ ಹೆಚ್ಚಾಗಿ, ಈ ಗುಡ್ಡಗಳನ್ನು ಕಡಿದು ಟಾಮಾ ನ್ಯೂ ಟೌನ್ ಕಟ್ಟಿದರು. ಜನ ಬಂದು ಇರಲು ಶುರು ಮಾಡಿದ್ದು 1971ರಲ್ಲಿ. ಚಿತ್ರದಲ್ಲಿ ಗುಡ್ಡದ ತಾನುಕಿಗಳು, ಅಂದರೆ ನರಿ ಜಾತಿಯ ಒಂದು ಪ್ರಾಣಿ, ರೂಪ ಬದಲಿಸುವ ವಿದ್ಯೆ ಬಳಸಿ ಕಟ್ಟುವುದನ್ನು ನಿಲ್ಲಿಸಲು ನೋಡುತ್ತವೆ. ಆಗುವುದಿಲ್ಲ. ಕೊನೆಗೆ ಸೋತ ಮೇಲೆ, ಉಳಿದ ಶಕ್ತಿಯನ್ನೆಲ್ಲ ಕೂಡಿಸಿ ಒಂದು ಕೆಲಸ ಮಾಡುತ್ತವೆ. ಬಿಲ್ಡಿಂಗುಗಳ ಮೇಲೆ ಹಳೆಯ ಊರನ್ನು ಸ್ವಲ್ಪ ಹೊತ್ತು ತಿರುಗಿ ತರುತ್ತವೆ. ಹೊಲ, ಕಾಲುದಾರಿ, ಹಳೆ ಮನೆ, ಆಗಿನ ಜನ, ಎಲ್ಲ. ಆಮೇಲೆ ಅದು ಕರಗಿ ಹೋಗುತ್ತದೆ.

ಹಾಸ್ಟೆಲ್ಲಿನಲ್ಲಿ ಇದನ್ನು ನೋಡಿದಾಗ ನಾವು ನಕ್ಕಿದ್ದೆವು, ತಾನುಕಿಗಳ ಆಟವೇ ಹಾಗಿದೆ. ಸಕುರಗಾವೊಕದಿಂದ ಬಂದ ರಾತ್ರಿ ಇನ್ನೊಮ್ಮೆ ಹಚ್ಚಿದೆ. ಆ ದೃಶ್ಯ ಬಂದಾಗ ಲ್ಯಾಪ್‌ಟಾಪ್ ಮುಚ್ಚಬೇಕಾಯಿತು.

ಕಾರಣ ನಮ್ಮ ಆಯಿ. ಅವ್ವನ ತವರು ಕೃಷ್ಣಾ ದಂಡಿಯ ಒಂದು ಊರು. ಆಗ ಬಸವನ ಬಾಗೇವಾಡಿ ತಾಲ್ಲೂಕು, ಈಗ ನಿಡಗುಂದಿ. ಮದುವೆಯಾಗಿ ಇಂಡಿಗೆ ಬಂದು ಇಷ್ಟು ವರ್ಷವಾದರೂ ಅವ್ವ 'ಅದ' ಅನ್ನುವುದಿಲ್ಲ, 'ಐತಿ' ಅನ್ನುತ್ತಾಳೆ. ಆಲಮಟ್ಟಿ ಡ್ಯಾಮಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ದು 1964ರಲ್ಲಿ, ಆಗ ಆಯಿ ಹೊಸದಾಗಿ ಆ ಊರಿಗೆ ಸೊಸೆಯಾಗಿ ಬಂದಿದ್ದಳು. "ನೀರು ಬರತೈತಿ, ನೀರು ಬರತೈತಿ" ಅಂತ ಕೇಳುತ್ತಲೇ ಐದು ಮಕ್ಕಳನ್ನು ಹೆತ್ತು ಬೆಳೆಸಿದಳು. ಬಂದದ್ದು ನಾನು ಒಂದನೇ ಇಯತ್ತೆಯಲ್ಲಿದ್ದಾಗ. ಈಗ ಅಲ್ಲಿ 519.60 ಮೀಟರಿನ ತನಕ ನೀರು ನಿಲ್ಲಿಸುತ್ತಾರೆ. ಆ ನೀರಿನಿಂದ ಎಷ್ಟೋ ತಾಲ್ಲೂಕುಗಳ ಹೊಲ ಹಸಿರಾಗಿವೆ, ಅದನ್ನೂ ಹೇಳಬೇಕು, ನಮ್ಮ ನೆಂಟರ ಹೊಲಗಳೇ ಇವೆ. ಮನೆಯ ತೊಲೆ, ಕಂಬ, ಬಾಗಿಲ ಚೌಕಟ್ಟು ಕಿತ್ತು ಟ್ರ್ಯಾಕ್ಟರಿಗೆ ಹೇರಿದ್ದು ನನಗೆ ಮಸುಕಾಗಿ ನೆನಪಿದೆ. ಆ ಚೌಕಟ್ಟು ಈಗ ಪುನರ್ವಸತಿ ಕೇಂದ್ರದ ಮಾಮಾನ ಮನೆಯಲ್ಲಿದೆ.

ಎರಡು ವರ್ಷದಿಂದ ಆಯಿಗೆ ಮರೆವು. ಹೊತ್ತು ಮುಳುಗುವ ವೇಳೆಗೆ ಚೀಲ ಹಿಡಿದು ಬಾಗಿಲಿಗೆ ಬಂದು ಕೂಡುತ್ತಾಳೆ. "ನಡೀರಿ, ಮನಿಗಿ ಹೋಗೂನು."

"ಇದ ಮನಿ ಅಲ್ಲೇನಬೇ ಯವ್ವಾ" ಅಂತ ಮಾಮಾ ಅಂದರೆ, "ಇದು ಸರಕಾರದ ಮನಿ" ಅನ್ನುತ್ತಾಳೆ.

ಹಳೆ ಮನೆಯದು ಒಂದೂ ಫೋಟೊ ಇಲ್ಲ. ಮದುವೆ ಫೋಟೊಗಳಿವೆ, ಅವುಗಳಲ್ಲಿ ಹಿಂದೆ ಕಾಣುವುದು ಬರೀ ಶಾಮಿಯಾನ. 'ಯುವರ್ ನೇಮ್' ಚಿತ್ರದಲ್ಲಿ ಹುಡುಗ ತಾನು ಕನಸಿನಲ್ಲಿ ಕಂಡ ಊರನ್ನು ನೆನಪಿನಿಂದ ಬರೆದು, ಆ ಚಿತ್ರಗಳನ್ನು ಹಿಡಿದು ಹಿಡಾ ಕಡೆಗೆ ಹುಡುಕುತ್ತಾ ಹೋಗುತ್ತಾನೆ. ನೋಡದವರು ಕ್ಷಮಿಸಿ, ಕಥೆ ಹೇಳುತ್ತಿದ್ದೇನೆ. ಒಂದು ಊಟದ ಅಂಗಡಿಯವರು ಚಿತ್ರ ನೋಡಿ ಊರಿನ ಗುರುತು ಹಿಡಿಯುತ್ತಾರೆ. ಆದರೆ ಧೂಮಕೇತುವಿನ ತುಂಡು ಬಿದ್ದು ಆ ಊರು ಮೂರು ವರ್ಷದ ಹಿಂದೆಯೇ ಹೋಗಿರುತ್ತದೆ. ಅವನು ಇಳಿಯುವ ಹಿಡಾ-ಫುರುಕಾವಾ ಸ್ಟೇಷನ್ ನಿಜವಾದದ್ದು. ಹೋಗಬೇಕೆಂದಿದ್ದೆ, ರಜೆ ಸಿಗಲಿಲ್ಲ. ಬದಲಿಗೆ ಅವ್ವನಿಗೆ ಫೋನು ಮಾಡಿ, "ನಿಮ್ಮ ಮನಿ ಹೆಂಗಿತ್ತು ಹೇಳು, ಬರಕೋತೀನಿ" ಅಂದೆ.

ಮುಂದಿನ ಐತವಾರಗಳೆಲ್ಲ ಅದರಲ್ಲೇ ಹೋದವು. ನನಗೆ ಚಿತ್ರ ಬಿಡಿಸಲು ಬರುವುದಿಲ್ಲ. ಆಫೀಸಿನಲ್ಲಿ ಸಿಸ್ಟಂ ಡಯಾಗ್ರಾಂ ಹಾಕುವ ಸಾಫ್ಟ್‌ವೇರಿನಲ್ಲೇ ಚೌಕಗಳನ್ನು ಹಾಕಿದೆ: ಅಗಸಿ, ಹಣಮಪ್ಪನ ಗುಡಿ, ಬಾವಿ, ಮನೆ. ಮನೆಯೊಳಗೆ ಪಡಸಾಲಿ, ಅಡುಗೆಮನೆ, ಹಗೇವು, ದನದ ಕೊಟ್ಟಿಗೆ. ಹೊಳೆಗೆ ಇಳಿಯುವ ಮೆಟ್ಟಿಲು ಎಷ್ಟು ಅಂತ ಕೇಳಿದೆ. ಅವ್ವ ಹದಿನಾರು ಅಂದಳು. ಮುದ್ದೇಬಿಹಾಳದ ದೊಡ್ಡವ್ವ ಕಾನ್ಫರೆನ್ಸ್ ಕಾಲಿಗೆ ಬಂದು ಇಪ್ಪತ್ತೊಂದು ಅಂದಳು. ಬೇವಿನ ಗಿಡ ಅಗಸಿಯ ಎಡಕ್ಕೋ ಬಲಕ್ಕೋ ಎಂಬುದರ ಮೇಲೆ ಅವ್ವ, ಮಾಮಾ ಮೂರು ದಿನ ಮಾತು ಬಿಟ್ಟರು. ಕೊನೆಗೆ ತಿಳಿದದ್ದು, ಅವ್ವ ಊರೊಳಗಿಂದ ಹೊರಗೆ ನೋಡುತ್ತಿದ್ದಳು, ಮಾಮಾ ಹೊರಗಿಂದ ಒಳಗೆ.

ಆ ಚೌಕಗಳನ್ನು ಚಿತ್ರ ಮಾಡಿದವಳು ಮಾಮಾನ ಮಗಳು, ಎಸ್ಸೆಸ್ಸೆಲ್ಸಿ ಹುಡುಗಿ. ಅವಳು ಹುಟ್ಟುವ ಹೊತ್ತಿಗೆ ಆ ಊರು ಇರಲಿಲ್ಲ. ಡ್ರಾಯಿಂಗ್ ಶೀಟಿನ ಮೇಲೆ ಪೆನ್ಸಿಲ್ಲಿನಲ್ಲಿ ಮಾಳಿಗೆ ಮನೆ, ಕಟ್ಟೆ, ಬಾವಿಯ ಗಡಗಡೆ, ಗಿಡದ ಬುಡದಲ್ಲಿ ಮಲಗಿದ ನಾಯಿ. ನಾಯಿ ಯಾರೂ ಹೇಳಿದ್ದಲ್ಲ, ಅವಳೇ ಹಾಕಿದ್ದು.

ಈ ಮೇ ತಿಂಗಳಲ್ಲಿ ಊರಿಗೆ ಬಂದಾಗ ಹಿನ್ನೀರು ಬಹಳ ಇಳಿದಿತ್ತು. ಬಿಸಿಲೇರುವ ಮೊದಲೇ ಮಾಮಾನ ಗಾಡಿಯಲ್ಲಿ ಆಯಿಯನ್ನು ಕೂರಿಸಿಕೊಂಡು ಹೋದೆವು. ಅವ್ವನೂ ಬಂದಿದ್ದಳು. ಬಿರುಕು ಬಿಟ್ಟ ಎರೆ ಮಣ್ಣು, ಸತ್ತ ಕಪ್ಪೆಚಿಪ್ಪು, ದೂರದಲ್ಲಿ ನೀರು. ಮಾಮಾ ಬೆರಳು ತೋರಿಸಿದ ಕಡೆ ಕಲ್ಲುಗಳ ಒಂದು ಸಾಲು ಕಾಣುತ್ತಿತ್ತು. ಮೆಟ್ಟಿಲೋ, ಯಾರದೋ ಮನೆಯ ಬುನಾದಿಯೋ ಹೇಳಲಾಗದು. ನಾನು ಡ್ರಾಯಿಂಗ್ ಶೀಟನ್ನು ಆ ಕಡೆ ಎತ್ತಿ ಹಿಡಿದು, ಹಿಂದೆ ಮುಂದೆ ಸರಿದು, ಯೊತ್ಸುಯಾದಲ್ಲಿ ಮಾಡಿದ ಹಾಗೆಯೇ ಫೋಟೊ ಹೊಡೆದೆ. ಕೂಡಿಸಲು ಏನೂ ಇರಲಿಲ್ಲ. ದಿಗಂತದ ಗೆರೆಯೊಂದು ಕೂಡಿತು.

ಗಾಡಿಯ ಬಾಗಿಲು ತೆರೆದು ಆಯಿಯ ಕೈಗೆ ಚಿತ್ರ ಕೊಟ್ಟೆ. ಬಹಳ ಹೊತ್ತು ನೋಡಿದಳು. "ಇದ್ಯಾರ ಮನಿ?" ಅಂದಳು. ಅವ್ವ ಮುಖ ಆ ಕಡೆ ಮಾಡಿದಳು. ಆಯಿ ಹಾಳೆಯನ್ನು ಕಣ್ಣಿಗೆ ಹತ್ತಿರ ತಂದು, ಮತ್ತೆ ದೂರ ಹಿಡಿದು, ಬಾವಿಯ ಮೇಲೆ ಬೆರಳಿಟ್ಟಳು.

"ಬಾವಿ ಇಲ್ಲಿರಲಿಲ್ಲೋ. ಇನ್ನೊಂಚೂರು ಆಚೆ, ಗುಡಿ ಹಿಂದ. ಮೊದಲ ಹಣಮಪ್ಪಗ ಸುತ್ತು ಹಾಕಿ ನೀರಿಗಿ ಹೋಗ್ತಿದ್ದೆ."

ಅವತ್ತು ಸಂಜೆಯೂ ಆಯಿ ಚೀಲ ಹಿಡಿದು ಬಾಗಿಲಿಗೆ ಬಂದು ಕೂತಳು. ಮಾಮಾನ ಮಗಳು ಪಡಸಾಲಿಯಲ್ಲಿ ಹಾಳೆ ಹರಡಿ, ರಬ್ಬರ್ ಹಚ್ಚಿ ಬಾವಿ ಅಳಿಸುತ್ತಿದ್ದಳು.