ಆಫ್ ಮಾಡಿದ ಮೇಲೂ ಉಳಿದ ಲೆನ್ಸ್

ಪಂಪ್ ಆಫ್ ಮಾಡಿ ನಾಲ್ಕು ನಿಮಿಷ ಆಗಿತ್ತು. ಸ್ಕ್ರೀನ್ ಮೇಲಿನ ಲೆನ್ಸ್ ಮಾತ್ರ ಪೂರ್ತಿ ಹೋಗಿರಲಿಲ್ಲ.

ರಜೆಯ ಇಂಟರ್ನ್‌ಶಿಪ್‌ನಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ನಿಯೋಡಿಮಿಯಂ-ಯಾಗ್ ಆಂಪ್ಲಿಫೈಯರ್. ರಾಡಿನ ಒಂದು ತುದಿಯಿಂದ 808 ನ್ಯಾನೊಮೀಟರ್ ಬೆಳಕು ಒಳಗೆ ಹೋಗುತ್ತೆ, 1064 ಹೊರಗೆ ಬರುತ್ತೆ. ಈ ವ್ಯತ್ಯಾಸದಲ್ಲೇ ಹೀರಿದ ಶಕ್ತಿಯ ಸುಮಾರು 24% ಬಿಸಿಯಾಗಿ ಒಳಗೇ ಉಳಿಯುತ್ತೆ. ಹೊರಮೈಗೆ ನೀರಿನ ತಂಪು, ನಡುವೆ ಕಾವು. ಒಂದು ಡಿಗ್ರಿ ಏರಿದರೆ ಯಾಗ್‌ನ ವಕ್ರೀಭವನಾಂಕ ಏರೋದು 0.000007 ಅಷ್ಟೇ. ಇಷ್ಟೇನಾ ಅನ್ಸುತ್ತೆ ಅಲ್ವಾ? 5 ಸೆಂ.ಮೀ. ರಾಡಿನಲ್ಲಿ ನಡುವಿಗೂ ಅಂಚಿಗೂ ಸರಾಸರಿ 10 ಡಿಗ್ರಿ ಅಂತರ ಇದ್ದರೆ ನಡುವಿನ ಅಲೆ ಮೂರು ತರಂಗಾಂತರ ಹಿಂದೆ ಬೀಳುತ್ತೆ. ಚಪ್ಪಟೆ ರಾಡ್ ಪೀನ ಮಸೂರ ಆಗಿಬಿಡುತ್ತೆ.

ಅಳೆಯೋದು ಶಾಕ್-ಹಾರ್ಟ್‌ಮನ್ ಸೆನ್ಸರ್‌ನಿಂದ: ಪುಟ್ಟ ಪುಟ್ಟ ಲೆನ್ಸ್‌ಗಳ ಸಾಲು, ಹಿಂದೆ ಕ್ಯಾಮೆರಾ. ರಾಡಿನ ಮೂಲಕ ಒಂದು ಕೆಂಪು ಹೀಲಿಯಂ-ನಿಯಾನ್ ಕಿರಣ ಬಿಟ್ಟರೆ ರಂಗೋಲಿಗೆ ಇಟ್ಟ ಹಾಗೆ ಚುಕ್ಕಿಗಳು. ಅಲೆ ಬಾಗಿದರೆ ಚುಕ್ಕಿ ಸರಿಯುತ್ತೆ. ಸರಿದ ದೂರವನ್ನು ಪುಟ್ಟ ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಅಲ್ಲಿ ಅಲೆಯ ಇಳಿಜಾರು.

ಪಂಪ್ ಎರಡರಷ್ಟಾದರೆ ಫೋಕಲ್ ಲೆಂತ್ ಅರ್ಧ. ಪುಸ್ತಕದಲ್ಲಿ ಇದ್ದ ಹಾಗೇ ಬಂತು. ಖುಷಿಯಲ್ಲಿ ಆ ಸಂಖ್ಯೆಯನ್ನ ಸೀನಿಯರ್‌ಗೆ ಕಳಿಸಿಬಿಟ್ಟೆ. ಅದನ್ನೇ ನಂಬಿ ಅವರು ಸರಿದೂಗಿಸೋ ಲೆನ್ಸ್ ಆರ್ಡರ್ ಮಾಡೋಕೆ ಕೂತಿದ್ದರು.

ಆಮೇಲೆ ಈ ನಾಲ್ಕು ನಿಮಿಷ. 2 ಮಿ.ಮೀ. ತ್ರಿಜ್ಯದ ಯಾಗ್ ರಾಡ್ ನೀರಿನ ನಡುವೆ ತಣ್ಣಗಾಗೋಕೆ ಒಂದು ಸೆಕೆಂಡ್ ಸಾಕು, ಕಾಗದದ ಮೇಲೆ ಎರಡು ಸಲ ಲೆಕ್ಕ ಹಾಕಿದೆ. ಹಾಗಾದ್ರೆ ಬಿಸಿ ಇರೋದು ಬೇರೆಲ್ಲೋ.

ಕಿರಣದ ದಾರಿಯಲ್ಲಿ ಒಂದೊಂದನ್ನೇ ತೆಗೀತಾ ಹೋದೆ. ಕೊನೆಗೆ ಸಿಕ್ಕಿದ್ದು ಕ್ಯಾಮೆರಾಗೆ ಬೆಳಕು ಜಾಸ್ತಿ ಆಗದಿರಲಿ ಅಂತ ನಾನೇ ಇಟ್ಟಿದ್ದ ಬೂದು ಬಣ್ಣದ ಗಾಜಿನ ಫಿಲ್ಟರ್. ರಾಡ್ ಹೀರದೆ ಬಿಟ್ಟ ಪಂಪ್ ಬೆಳಕನ್ನೆಲ್ಲ ಅದು ಹೀರ್ತಾ ಕೂತಿತ್ತು. ಗಾಜು ಶಾಖವನ್ನು ಯಾಗ್‌ನ ಹತ್ತನೇ ಒಂದು ಭಾಗವೂ ಸಾಗಿಸಲ್ಲ, ಸುತ್ತ ನೀರೂ ಇಲ್ಲ. ಪಂಪ್ ಏರಿಸಿದಂತೆ ಇದರ ಲೆನ್ಸೂ ಏರುತ್ತೆ, ಅದಕ್ಕೇ ಗ್ರಾಫ್ ಅಷ್ಟು ನೆಟ್ಟಗೆ ಇದ್ದದ್ದು!

ಸೀನಿಯರ್‌ಗೆ ಫೋನ್ ಮಾಡೋಕೆ ಮುಂಚೆ ಕಾರಿಡಾರಿನಲ್ಲಿ ಎರಡು ಸುತ್ತು ಹಾಕಿದೆ. ಬೈಗುಳ ಬರಲಿಲ್ಲ. "ಆರ್ಡರ್ ಇನ್ನೂ ಹೋಗಿಲ್ಲ, ಬೇಗ ಹೊಸ ಸಂಖ್ಯೆ ಕೊಡು" ಅಂದರು.

ಫಿಲ್ಟರ್ ತೆಗೆದು, ಲೇಪನ ಇಲ್ಲದ ಗಾಜಿನ ಬೆಣೆ ಇಟ್ಟೆ. ಅದರ ಮುಂಭಾಗದಿಂದ ಪ್ರತಿಫಲಿಸೋ 4% ಬೆಳಕೇ ಸೆನ್ಸರ್‌ಗೆ ಸಾಕು. ಮರುದಿನ ಪಂಪ್ ಆಫ್ ಮಾಡಿದಾಗ, ಸ್ವಿಚ್ಚಿನಿಂದ ಕೈ ತೆಗೆಯೋದರೊಳಗೆ ಚುಕ್ಕಿಗಳು ತಮ್ಮ ಜಾಗಕ್ಕೆ ಬಂದು ಕೂತಿದ್ದವು.