ಆಂಡೀಸಿನ ಕಾಲುದಾರಿಯಲ್ಲಿ ಎರಡು ಗಾಲಿ

ಪೆರು ದೇಶದ ಕುಸ್ಕೊ ನಗರಕ್ಕೆ ಬಂದಿಳಿದ ದಿನವೇ ಪ್ರವಾಸಿಗರ ಕೈಗೆ ಸೈಕಲ್ ಕೊಡುವ ಗೈಡ್ ಒಳ್ಳೆಯ ಗೈಡ್ ಅಲ್ಲ. ಊರು ಇರುವುದೇ ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿ. ಕರ್ನಾಟಕದಲ್ಲೇ ಎತ್ತರದ್ದಾದ ಮುಳ್ಳಯ್ಯನಗಿರಿಯ ತುದಿ ಮುಟ್ಟಿ, ಅಲ್ಲಿಂದ ಮತ್ತೆ ಹೆಚ್ಚುಕಡಿಮೆ ಒಂದೂವರೆ ಕಿಲೋಮೀಟರ್ ಮೇಲಕ್ಕೇರಿದರೆ ಕುಸ್ಕೊದ ಪೇಟೆಬೀದಿಯ ಮಟ್ಟ ಸಿಕ್ಕೀತು. ಅಲ್ಲಿ ಗಾಳಿಯ ಒತ್ತಡ ಕಡಲತೀರದಲ್ಲಿರುವುದರ ಮೂರನೇ ಎರಡು ಭಾಗ ಮಾತ್ರ. ಚೀಲದೊಳಗಿನ ಚಿಪ್ಸ್ ಪೊಟ್ಟಣ ಉಬ್ಬಿ ಬಿಗಿದುಕೊಂಡಿರುತ್ತದೆ. ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು, ರಾತ್ರಿ ಹತ್ತದ ನಿದ್ದೆ, ಬೆಳಿಗ್ಗೆ ಸಿಡಿಯುವ ತಲೆ. ಊರಿನಲ್ಲಿ ದಿನಾ ಐವತ್ತು ಕಿಲೋಮೀಟರ್ ಪೆಡಲ್ ತುಳಿಯುವವರಿಗೂ ಇದರಿಂದ ವಿನಾಯಿತಿ ಇಲ್ಲ.

ಹಾಗಾಗಿ ಅನುಭವಸ್ಥ ಗೈಡುಗಳು ವಿಮಾನ ನಿಲ್ದಾಣದಿಂದಲೇ ತಂಡವನ್ನು ವ್ಯಾನಿಗೆ ಹತ್ತಿಸಿ ಉರುಬಾಂಬ ನದಿಯ ಕಣಿವೆಗೆ ಇಳಿಸುತ್ತಾರೆ. ಪವಿತ್ರ ಕಣಿವೆ ಎಂದು ಹೆಸರಾದ ಈ ಪ್ರದೇಶದ ಉರುಬಾಂಬ, ಒಯಾಂತಾಯ್‌ತಾಂಬೊ ಊರುಗಳು 2,900 ಮೀಟರಿನ ಒಳಗೇ ಇವೆ. ಕುಸ್ಕೊಗಿಂತ ಐನೂರು ಮೀಟರ್ ಕೆಳಗೆ ಮಲಗಿದ್ದಕ್ಕೇ ಮೈ ಗೆಲುವಾಗುತ್ತದೆ.

ಎತ್ತರದ ಈ ಕಾಯಿಲೆಗೆ ಅಲ್ಲಿನವರು ಸೊರೊಚೆ ಎನ್ನುತ್ತಾರೆ. ಆಂಡೀಸ್ ದಾಟುವಾಗ ತನಗಾದ ವಾಂತಿ, ಸಂಕಟಗಳನ್ನು ಹೊಸೆ ದೆ ಅಕೋಸ್ತ ಎಂಬ ಸ್ಪೇನಿನ ಪಾದ್ರಿ 1590ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಬರೆದ. ಮನುಷ್ಯರ ಉಸಿರಾಟಕ್ಕೆ ಹೊಂದದಷ್ಟು ತೆಳುವಾದ ಗಾಳಿಯೇ ಇದಕ್ಕೆ ಕಾರಣವೆಂದು ಊಹಿಸಿದ. ಎತ್ತರದಲ್ಲೇ ಹುಟ್ಟಿ ಬೆಳೆದವರಲ್ಲೂ ಕೆಲವರ ಮೈ ಕ್ರಮೇಣ ಸೋಲುತ್ತದೆ ಎಂಬುದನ್ನು ಪೆರುವಿನ ವೈದ್ಯ ಕಾರ್ಲೋಸ್ ಮೊಂಗೆ 1925ರಲ್ಲಿ ತೋರಿಸಿದರು. ಇಂದಿಗೂ ಆ ರೋಗ ಅವರ ಹೆಸರಿನಲ್ಲೇ ಇದೆ. ಪರ್ವತ ವೈದ್ಯರ ಈಗಿನ ಸಲಹೆ ಸರಳ: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರದೆ ನಿಲ್ಲಬೇಕು. ತಲೆನೋವು ವಿಪರೀತವಾದರೆ, ನಡಿಗೆ ತೂರಾಡಿದರೆ, ಕೂತಲ್ಲೇ ಉಸಿರು ಕಟ್ಟಿದರೆ ತಡಮಾಡದೆ ಕೆಳಗಿಳಿಯಬೇಕು. ಗೈಡಿನ ಚೀಲದಲ್ಲಿ ಪಂಕ್ಚರ್ ಸಾಮಾನಿನ ಪಕ್ಕದಲ್ಲೇ ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಪುಟ್ಟ ಯಂತ್ರ ಇರುವುದು ಇದಕ್ಕೇ.

ಮೊದಲ ಸವಾರಿ ಮೋರಾಯ್ ಮತ್ತು ಮಾರಾಸ್ ಕಡೆಗೆ. ಬಾರ್ಲಿ, ಆಲೂಗಡ್ಡೆ ಬೆಳೆಯುವ ಕೆಂಪು ಮಣ್ಣಿನ ವಿಶಾಲ ಬಯಲು ಅದು. ಅಷ್ಟಾಗಿ ಏರಿಳಿತವಿಲ್ಲದ ಬಂಡಿದಾರಿ. ಬಾಡಿಗೆ ಸೈಕಲ್ಲಿನ ಶಾಕ್, ಸೀಟು, ಬ್ರೇಕ್ ಹಿಡಿಗಳನ್ನು ಅವರವರ ತೂಕ, ಎತ್ತರ, ಕೈಗೆ ಹೊಂದಿಸಿಕೊಳ್ಳಲು ಹೇಳಿಮಾಡಿಸಿದ ಜಾಗ. ಮೋರಾಯ್‌ನಲ್ಲಿ ನೆಲವೇ ಇಂಗಿಹೋದಂತಹ ತಗ್ಗುಗಳಿದ್ದು, ಅವುಗಳ ಸುತ್ತ ಇಂಕಾಗಳು ಕಲ್ಲಿನ ವೃತ್ತಾಕಾರದ ಮೆಟ್ಟಿಲುಗದ್ದೆಗಳನ್ನು ಕಟ್ಟಿದ್ದಾರೆ; ಬಟ್ಟಲುಗಳನ್ನು ಒಂದರೊಳಗೊಂದು ಜೋಡಿಸಿಟ್ಟಂತೆ ಕಾಣುತ್ತವೆ. ಅತಿ ದೊಡ್ಡ ತಗ್ಗಿನ ಆಳ ಸುಮಾರು 30 ಮೀಟರ್. ತಳಕ್ಕೂ ಮೇಲಿನ ಸುತ್ತಿಗೂ ಬಿಸಿಲು, ತಂಪು ಬೇರೆಬೇರೆಯಾಗಿರುವುದರಿಂದ, ಯಾವ ಬೆಳೆ ಯಾವ ಹವೆಗೆ ಒಗ್ಗುತ್ತದೆಂದು ಇಲ್ಲಿ ಪರೀಕ್ಷಿಸುತ್ತಿದ್ದಿರಬೇಕು ಎಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ.

ಮಾರಾಸ್ ಊರು ದಾಟಿದರೆ ದಾರಿ ಕಿರಿದಾಗಿ ಬೆಟ್ಟದ ಪಕ್ಕೆ ಹಿಡಿಯುತ್ತದೆ. ಕೆಳಗಿನ ಕೊರಕಲಿನ ತುಂಬ ಬಿಳಿ, ಕಂದು, ನಸುಗುಲಾಬಿ ಬಣ್ಣದ ಉಪ್ಪಿನ ಮಡಿಗಳು, ಮೂರು ಸಾವಿರಕ್ಕೂ ಹೆಚ್ಚು. ಬೆಟ್ಟದೊಳಗಿನಿಂದ ಒಸರುವ ಉಪ್ಪುನೀರಿನ ಒಂದೇ ಒಂದು ಸಣ್ಣ ಬುಗ್ಗೆ ಇವೆಲ್ಲವನ್ನೂ ತುಂಬಿಸುತ್ತದೆ. ಅಂಗೈ ಅಗಲದ ಕಾಲುವೆಗಳಲ್ಲಿ ನೀರು ಮಡಿಯಿಂದ ಮಡಿಗೆ ಸರಿಯುತ್ತದೆ. ತುಂಬಿದ ಮಡಿಯ ಬಾಯಿಗೆ ಒಂದು ಕಲ್ಲು, ಹಿಡಿ ಮಣ್ಣು ಇಟ್ಟರೆ ನೀರು ಮುಂದಿನ ಮಡಿಗೆ. ಬಿಸಿಲಿಗೆ ನೀರಾರಿ ಉಳಿದ ಉಪ್ಪನ್ನು ಕೆರೆದು ಕೂಡಿಹಾಕುತ್ತಾರೆ. ಮಡಿಗಳ ಒಡೆತನ ಸುತ್ತಲಿನ ಕುಟುಂಬಗಳದು, ತಲೆಮಾರಿನಿಂದ ತಲೆಮಾರಿಗೆ ಬಂದದ್ದು. ಇಂಕಾಗಳಿಗಿಂತ ಹಳೆಯದೆನ್ನುವ ಈ ಕಸುಬಿನ ಪಕ್ಕದಲ್ಲೇ ಹಾಯುವ ಕಾಲುದಾರಿ ನದಿದಂಡೆಗೆ ಇಳಿಯುತ್ತದೆ. ಮೊದಲ ದಿನದ ನಿಜವಾದ ಇಳಿಜಾರು ಅದೇ.

ಸಮೀಪದ ಚಿಂಚೆರೊ 3,700 ಮೀಟರಿಗೂ ಮೇಲಿರುವ ನೇಕಾರರ ಊರು. ಹೆಣ್ಣುಮಗಳೊಬ್ಬಳು ಪಾಪಾಸುಕಳ್ಳಿಯ ಎಲೆಯಿಂದ ಬೂದುಬಣ್ಣದ ಪುಟ್ಟ ಹುಳುವೊಂದನ್ನು ಬಿಡಿಸಿ ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಅರೆಯುತ್ತಾಳೆ. ಕಡುಗೆಂಪು ಹರಡುತ್ತದೆ. ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಅದೇ ಕೆಂಪು ಕಿತ್ತಳೆಗೆ ತಿರುಗುತ್ತದೆ. ಈ ಹುಳುವಿಗೂ ದಕ್ಷಿಣ ಭಾರತಕ್ಕೂ ನಂಟಿದೆ: ಹದಿನೆಂಟನೆಯ ಶತಮಾನದ ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯವರು ಮದರಾಸಿನಲ್ಲಿ ಈ ಕೆಂಪು ಬಣ್ಣ ತೆಗೆಯುವ ಆಸೆಯಿಂದ ಹುಳುವನ್ನೂ ಅದು ಮೇಯುವ ಕಳ್ಳಿಯನ್ನೂ ಸಾಕಿದರು. ಬಣ್ಣದ ವ್ಯಾಪಾರ ಕೈಗೂಡಲಿಲ್ಲ. ಕಳ್ಳಿ ಮಾತ್ರ ಬೇಲಿಬೇಲಿಗೆ ಹಬ್ಬಿ ನಮ್ಮ ಹಳ್ಳಿಗಳದೇ ಆಗಿಬಿಟ್ಟಿತು. ಚಿಂಚೆರೊದ ನೇಯ್ಗೆಗೆ ಮತ್ತೆ ಜೀವ ತುಂಬಿದವರಲ್ಲಿ ಅದೇ ಊರಿನ ನಿಲ್ಡಾ ಕಯಾನ್ಯೌಪ ಪ್ರಮುಖರು. ಅವರು 1996ರಲ್ಲಿ ಕುಸ್ಕೊದಲ್ಲಿ ಸಾಂಪ್ರದಾಯಿಕ ಜವಳಿ ಕೇಂದ್ರವನ್ನು ಕಟ್ಟಿದರು.

ಮೈ ಗಾಳಿಗೆ ಒಗ್ಗಿದ ಮೇಲೆ ಲಾರೆಸ್ ಕಡೆಯ ಬೆಟ್ಟಗಳು. ಈಗ ವ್ಯಾನು 4,000 ಮೀಟರ್ ದಾಟಿಸಿ ಘಟ್ಟದ ನೆತ್ತಿಯಲ್ಲಿ ಇಳಿಸುತ್ತದೆ. ಗಿಡಮರ ಹಿಂದೆಯೇ ಮುಗಿದಿರುತ್ತವೆ. ಇಚು ಎಂಬ ಒರಟು ಹುಲ್ಲು, ಕಪ್ಪು ಕೆರೆಗಳು, ಅಲ್ಪಾಕಾಗಳ ಹಿಂಡು. ನೆತ್ತಿಯಲ್ಲಿ ದಾರಿಹೋಕರು ಒಂದೊಂದೇ ಕಲ್ಲಿಟ್ಟು ಬೆಳೆಸಿದ ಗುಪ್ಪೆಗೆ ಅಪಚೆತ ಎನ್ನುತ್ತಾರೆ. ಕೆಚುವಾ ಮಾತಾಡುವ ಗೈಡ್ ಮೂರು ಕೋಕಾ ಎಲೆಗಳನ್ನು ಬೆರಳ ತುದಿಯಲ್ಲಿ ಜೋಡಿಸಿ ಹಿಡಿದು, ಶಿಖರಗಳ ಕಡೆಗೆ ಊದಿ, ಕಲ್ಲಿನಡಿ ಇಟ್ಟು ಹೊರಡುತ್ತಾನೆ.

ಇಲ್ಲಿ ಗಾಲಿಯಡಿ ಸಿಗುವ ದಾರಿಗಳಲ್ಲಿ ಹಲವು ಇಂಕಾ ಕಾಲದವು. ಕೊಲಂಬಿಯಾದಿಂದ ಚಿಲಿ, ಅರ್ಜೆಂಟೀನಾವರೆಗೆ ಆರು ದೇಶಗಳಲ್ಲಿ ಹರಡಿರುವ ಕಪಾಕ್ ನ್ಯಾನ್ ಎಂಬ ಈ ಹೆದ್ದಾರಿ ಜಾಲ ಸುಮಾರು 30,000 ಕಿಲೋಮೀಟರ್ ಉದ್ದದ್ದು. 2014ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಇದನ್ನು ಕಟ್ಟಿದವರ ಬಳಿ ಗಾಡಿ ಇರಲಿಲ್ಲ, ಕುದುರೆಯೂ ಇರಲಿಲ್ಲ. ಸುದ್ದಿ ಒಯ್ಯುವ ಚಾಸ್ಕಿ ಓಟಗಾರನ ಕಾಲು ಮತ್ತು ಬೆನ್ನ ಮೇಲೆ ಇಪ್ಪತ್ತೈದು ಮೂವತ್ತು ಕಿಲೋ ಹೊರುವ ಲಾಮಾದ ಪಾದ, ಇವೆರಡಕ್ಕೆ ಅಳತೆ ಮಾಡಿದ ದಾರಿ ಅದು. ಕಡಿದಾದ ಕಡೆ ಸುತ್ತು ಹಾಕದೆ ಮೆಟ್ಟಿಲಾಗುತ್ತದೆ, ಮಳೆನೀರು ಕೊರೆಯದಂತೆ ಅಡ್ಡಗಾಲುವೆ ದಾಟಿಸುತ್ತದೆ, ತಿರುವಿನಲ್ಲಿ ಒಬ್ಬರು ನಿಂತು ಇನ್ನೊಬ್ಬರಿಗೆ ಜಾಗ ಬಿಡುವಷ್ಟೇ ಅಗಲವಿರುತ್ತದೆ. ಹಾಗೆ ನಡೆದವರ ಲೆಕ್ಕಾಚಾರವೇ ಇಂದು ಸವಾರನಿಗೆ ಆ ಮೋಹಕ ಇಳಿಜಾರನ್ನು ಕೊಟ್ಟಿದೆ. ಗಾಲಿ ಇಲ್ಲಿ ಅತಿಥಿ. ಈ ಪ್ರವಾಸದಲ್ಲಿ ಕಲಿಯಬೇಕಾದದ್ದೆಲ್ಲ ಈ ತಿಳಿವಳಿಕೆಯಿಂದಲೇ ಹುಟ್ಟುತ್ತದೆ.

ಲಾಮಾಗಳ ಸಾಲು ಎದುರಾದರೆ ಸವಾರ ಸೈಕಲ್ ಇಳಿದು, ದಾರಿಯ ಪಕ್ಕಕ್ಕೆ ಸರಿದು, ಹಿಂಡು ದಾಟುವವರೆಗೆ ನಿಲ್ಲುತ್ತಾನೆ. ಕಾಯುವ ಹುಡುಗನಿಗೆ ‘ಅಯಿಯಾಂಚು’ ಎಂದು ಕುಶಲ ಕೇಳಿದರೆ ‘ಅಯಿಯಾನ್ಮಿ’ ಎಂಬ ಉತ್ತರ ಬರುತ್ತದೆ. ಮಳೆ ಬಿದ್ದು ನೆಂದ ದಾರಿಯಲ್ಲಿ ಸವಾರಿ ಬೇಡ. ಟೈರು ಕೊರೆದ ಗೆರೆಯೇ ಮುಂದಿನ ಮಳೆಗೆ ಕಾಲುವೆಯಾಗುತ್ತದೆ. ಹಿಂದಿನ ಬ್ರೇಕ್ ಒತ್ತಿ ಗಾಲಿಯನ್ನು ಎಳೆದಾಡುವ ಚಾಳಿಯನ್ನು ಒಳ್ಳೆಯ ಗೈಡ್ ಮೊದಲ ದಿನವೇ ಬಿಡಿಸುತ್ತಾನೆ.

ಬ್ರೇಕಿನ ಪಾಠಕ್ಕೆ ಇನ್ನೊಂದು ಕಾರಣವೂ ಇದೆ. ನೂರಾರು ಮೀಟರ್ ಒಂದೇ ಸಮನೆ ಇಳಿಯುವಾಗ ಹೆದರಿದ ಕೈ ಬ್ರೇಕನ್ನು ಸದಾ ಅರ್ಧ ಒತ್ತಿಯೇ ಇರುತ್ತದೆ. ಡಿಸ್ಕ್ ಕಾಯುತ್ತದೆ, ಪ್ಯಾಡಿನ ಮೈ ಗಾಜಿನಂತೆ ನುಣುಪಾಗಿ ಹಿಡಿತ ಬಿಡುತ್ತದೆ, ಹಿಡಿ ಮೆತ್ತಗಾಗಿ ಹ್ಯಾಂಡಲ್ ಮುಟ್ಟುತ್ತದೆ. ಗೈಡ್ ತಂಡವನ್ನು ನಿಲ್ಲಿಸಿ ಹಿಂದಿನ ಡಿಸ್ಕಿನ ಮೇಲೆ ಬಾಟಲಿಯಿಂದ ಒಂದು ಹನಿ ಬೀಳಿಸುತ್ತಾನೆ. ಚುಂಯ್ ಎಂದು ಆವಿಯಾಗುತ್ತದೆ. ಹೇಳಿ ತಿಳಿಸಲಾಗದ್ದನ್ನು ಆ ಸದ್ದು ತಿಳಿಸುತ್ತದೆ. ಸೀಟು ಇಳಿಸಿ, ಎರಡೂ ಪೆಡಲ್ ಸಮಮಟ್ಟದಲ್ಲಿಟ್ಟು ನಿಂತು, ತಿರುವಿಗೆ ಮುನ್ನ ಬಲವಾಗಿ ಬ್ರೇಕ್ ಹಾಕಿ, ತಿರುವಿನಲ್ಲಿ ಬಿಟ್ಟು, ನೋಟವನ್ನು ದಾರಿ ಹೋಗುವ ಕಡೆಗೆ ಕಳಿಸಿದರೆ ಸೈಕಲ್ ತಾನಾಗಿ ಹಿಂಬಾಲಿಸುತ್ತದೆ. ಬಂಡೆಯನ್ನು ದಿಟ್ಟಿಸಿದವರು ಬಂಡೆಗೇ ಹೋಗುತ್ತಾರೆ.

ಮಧ್ಯಾಹ್ನದ ಊಟ ಹಳ್ಳಿಯಲ್ಲಿ. ನೆಲದಲ್ಲಿ ಗುಂಡಿ ತೋಡಿ, ಕಾಯಿಸಿದ ಕಲ್ಲುಗಳ ನಡುವೆ ಮಾಂಸ, ಅವರೆ ಜಾತಿಯ ಕಾಳು, ಆಲೂಗಡ್ಡೆ ಇಟ್ಟು ಮಣ್ಣು ಮುಚ್ಚಿ ಬೇಯಿಸುವ ಪಚಮಾಂಕ ಹಬ್ಬದಡುಗೆ. ಆಲೂಗಡ್ಡೆಯ ತವರು ಈ ಪರ್ವತಗಳೇ. ನೇರಳೆ, ಹಳದಿ, ಗಂಟುಗಂಟಾದ ಬಗೆಗಳನ್ನು ಪೀಸಾಕ್ ಬಳಿಯ ರೈತ ಸಮುದಾಯಗಳು ಆಲೂಗಡ್ಡೆ ಉದ್ಯಾನವೆಂಬ ಹೆಸರಿನಲ್ಲಿ ಒಟ್ಟಾಗಿ ಕಾಪಾಡುತ್ತಿವೆ. ರಾತ್ರಿಯ ಹಿಮಕ್ಕೆ ಹರಡಿ, ಹಗಲು ತುಳಿದು ನೀರು ಹಿಂಡಿ ಒಣಗಿಸಿದ ಚೂನ್ಯೊ ವರ್ಷಗಟ್ಟಲೆ ಕೆಡುವುದಿಲ್ಲ. ಹಾಸನದ ಸೀಮೆಯ ಬೆಳೆಗಾರರಿಗೆ ಈ ಹೊಲಗಳನ್ನು ನೋಡುವ ಅವಕಾಶ ಸಿಗಬೇಕು.

ಕೊನೆಯ ದಿನ ಅಬ್ರಾ ಮಾಲಗ. 4,316 ಮೀಟರಿನ ಈ ಘಟ್ಟದ ನೆತ್ತಿಯಲ್ಲಿ ವೆರೋನಿಕಾ ಶಿಖರದ ಹಿಮ ಎದುರಿಗೇ ಇರುತ್ತದೆ. ಸಿಪ್ಪೆ ಕಾಗದದಂತೆ ಸುಲಿಯುವ ಪೊಲಿಲೆಪಿಸ್ ಮರಗಳ ಸಣ್ಣ ತೋಪುಗಳು ಅಲ್ಲಿ ಉಳಿದಿವೆ. ಬೇರೆಲ್ಲೂ ಸುಲಭಕ್ಕೆ ಕಾಣದ ಕೆಲವು ಹಕ್ಕಿಗಳಿಗೆ ಅವೇ ಆಸರೆ. ಅಲ್ಲಿಂದ ಸಾಂತಾ ಮರಿಯಾವರೆಗೆ ಸುಮಾರು ಮೂರು ಸಾವಿರ ಮೀಟರ್ ಇಳಿತ. ಕೈಗವಸಿನೊಳಗೂ ಬೆರಳು ಮರಗಟ್ಟುವ ಚಳಿಯಲ್ಲಿ ಹೊರಟು, ಮಂಜಿನೊಳಗೆ ಹೊಕ್ಕು, ಒಂದೊಂದೇ ಅಂಗಿ ಕಳಚುತ್ತ ಮಧ್ಯಾಹ್ನದ ಹೊತ್ತಿಗೆ ಬಾಳೆ, ಕಾಫಿ ಬೆಳೆಯುವ ಸೆಕೆಗೆ ತಲುಪುತ್ತಾರೆ. ಎಡಬಲದ ತೊರೆಗಳೆಲ್ಲ ಉರುಬಾಂಬ ಸೇರಿ, ಉಕಯಾಲಿಯಾಗಿ ಅಮೆಜಾನಿಗೆ ಹೋಗುವಂಥವು.

ಇಂಥ ದಾರಿಗಳು ತಾವಾಗಿ ಉಳಿಯುವುದಿಲ್ಲ. ಅಪುರೀಮಾಕ್ ನದಿಯ ಮೇಲಿನ ಕೆಸ್ವಾಚಾಕ ಹುಲ್ಲಿನ ಸೇತುವೆಯನ್ನು ನಾಲ್ಕು ಹಳ್ಳಿಯವರು ಪ್ರತಿ ಜೂನ್ ಹೊಸದಾಗಿ ಹೊಸೆದು ಕಟ್ಟುತ್ತಾರೆ. ಕೋವಿಡ್ ಕಾಲದಲ್ಲಿ ಆ ಕೆಲಸ ತಪ್ಪಿ 2021ರ ಮಾರ್ಚಿನಲ್ಲಿ ಅದು ಕುಸಿದುಬಿದ್ದಾಗ, ಅದೇ ಜೂನಿನಲ್ಲಿ ಮತ್ತೆ ಕಟ್ಟಿದರು. ಮಾಚು ಪಿಚುವಿಗೆ ಹೋಗುವ ಪ್ರಸಿದ್ಧ ಇಂಕಾ ಹಾದಿಗೆ ಹೊರೆಯಾಳುಗಳೂ ಸೇರಿ ದಿನಕ್ಕೆ 500 ಮಂದಿಗಷ್ಟೇ ಪರವಾನಗಿ, ಸೈಕಲ್ಲಿಗೆ ಪ್ರವೇಶವೇ ಇಲ್ಲ. ಈ ನಿಯಮ ಸರಿಯಾಗಿಯೇ ಇದೆ. ಸವಾರಿಗೆ ಬಿಟ್ಟ ದಾರಿಗಳನ್ನು ಅಷ್ಟೇ ಅಕ್ಕರೆಯಿಂದ ನೋಡಿಕೊಂಡರೆ ಮಾತ್ರ ಅವು ಮುಂದೆಯೂ ತೆರೆದಿರುತ್ತವೆ.

ಹೋಗಬಯಸುವವರು ಹಣ ಕಟ್ಟುವ ಮುನ್ನ ಕೆಲವನ್ನು ಕೇಳಲೇಬೇಕು. ಮೊದಲ ಎರಡು ರಾತ್ರಿ ಯಾವ ಎತ್ತರದಲ್ಲಿ ಮಲಗಿಸುತ್ತೀರಿ? ವ್ಯಾನಿನಲ್ಲಿ ಆಮ್ಲಜನಕದ ಸಿಲಿಂಡರ್ ಇದೆಯೆ? ಬ್ರೇಕ್ ಪ್ಯಾಡ್ ಎಷ್ಟು ದಿನಕ್ಕೊಮ್ಮೆ ಬದಲಿಸುತ್ತೀರಿ? ದಾರಿ ಹಾಯುವ ಹಳ್ಳಿಯವರ ಒಪ್ಪಿಗೆ ಪಡೆದಿದ್ದೀರಾ, ಊಟದ ಹಣ ಅವರ ಕೈಗೇ ಹೋಗುತ್ತದೆಯೆ? ನೇರ ಉತ್ತರ ಸಿಕ್ಕರೆ ಮೇ ತಿಂಗಳಿಗೆ ಟಿಕೆಟ್ ಮಾಡಿಸಬಹುದು. ಆಗ ಮಳೆಗಾಲ ಮುಗಿದಿರುತ್ತದೆ, ಬೆಟ್ಟದ ಹುಲ್ಲು ಇನ್ನೂ ಪೂರ್ತಿ ಒಣಗಿರುವುದಿಲ್ಲ, ಜೂನ್ 24ರ ಇಂತಿ ರೈಮಿ ಹಬ್ಬದ ಜನಜಂಗುಳಿಗೂ ಸಮಯವಿರುತ್ತದೆ. ಮರಳುವಾಗ ಮಾರಾಸಿನ ಉಪ್ಪು ತರಬಹುದು, ಚಿಂಚೆರೊದ ಶಾಲು ತರಬಹುದು. ಕೋಕಾ ಎಲೆಯ ಚಹಾ ಪೊಟ್ಟಣವನ್ನು ಮಾತ್ರ ಅಲ್ಲೇ ಕುಡಿದು ಮುಗಿಸಿ ಬರಬೇಕು. 1985ರ ಮಾದಕವಸ್ತು ಕಾಯ್ದೆಯಡಿ ಭಾರತದೊಳಗೆ ಅದಕ್ಕೆ ನಿಷೇಧವಿದೆ.